ಅಳತೆಗೆ ನಿಂತ ಅಮರಪ್ಪ

೧೯೫೩ರ ಬೇಸಿಗೆ. ಆಗ ನಾನು ಹೈದರಾಬಾದಿನ ಒಂದು ಸ್ಟುಡಿಯೋದಲ್ಲಿ ಹೊರಾಂಗಣ ಫೋಟೋಗ್ರಾಫರ್ ಆಗಿದ್ದೆ. ಹೆಸರು ಕೇಳಿ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಸ್ಟುಡಿಯೋದ ಒಳಗೆ ಬಣ್ಣದ ಪರದೆ ಇಳಿಬಿಟ್ಟು, ಹೂಕುಂಡ ಇಟ್ಟು, ಫ್ಯಾನಿನ ಕೆಳಗೆ ಮದುಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುವವರು ಹಿರಿಯರು. ಬಿಸಿಲಲ್ಲಿ ಗುಡ್ಡ ಹತ್ತಿಸಲು ಕಳಿಸುವುದು ನನ್ನಂಥ ಕಿರಿಯರನ್ನು. ಆಮೇಲೆ ಮೂವತ್ತು ವರ್ಷಕ್ಕೂ ಮಿಕ್ಕಿ ಇದೇ ಕಸುಬಿನಲ್ಲಿ ದೇಶ ಸುತ್ತಿದೆ. ಬೀದರ, ವಿಜಾಪುರ, ಜೈಸಲ್ಮೇರಿನ ಮರಳು, ಲಕ್ಷದ್ವೀಪದ ತೆಂಗಿನ ಸಾಲು, ಎಲ್ಲವನ್ನೂ ಮೊದಲು ಗಾಜಿನ ಮೇಲೆ, ಆಮೇಲೆ ಫಿಲ್ಮಿನ ಮೇಲೆ ಹಿಡಿದೆ. ಮರೆಯಲಾಗದ ಚಿತ್ರ ಯಾವುದು ಎಂದು ಜನ ಕೇಳುತ್ತಾರೆ; ನಾನು ತಾಜಮಹಲಿನ ಹೆಸರು ಹೇಳಲಿ ಎಂದು ಕಾಯುತ್ತಾರೆ. ಲಿಂಗಸುಗೂರು ತಾಲೂಕಿನ ಸಂತೆಕಲ್ಲೂರಿನವನೊಬ್ಬನ ಬೆನ್ನು ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಆಗಲಿ ಬಿಡಿ, ಕೇಳಿದವರ ಪಾಡು.

ಆ ವರ್ಷ ಒಬ್ಬ ಪ್ರಕಾಶಕರು ಪ್ರವಾಸಿಗರಿಗಾಗಿ ಒಂದು ಚಿತ್ರಸಂಪುಟ ಮಾಡಲು ಹೊರಟಿದ್ದರು. ಅದರಲ್ಲಿ ಮೂರು ಭಾಗ: ಹಳೆಯ ನಗರಗಳು, ನಡುಗಡ್ಡೆಗಳು, ಮರುಭೂಮಿ. ಚಿತ್ರ ತೆಗೆಯುವ ಕೆಲಸ ನಮ್ಮ ಸ್ಟುಡಿಯೋಕ್ಕೆ ಬಂತು. ನಾನು ರಾಯಚೂರಿನವನೆಂದು ಮಾಲೀಕರು ನನ್ನನ್ನೇ ಕರೆದು ನಕಾಶೆ ಹರವಿದರು. ಹಳೆಯ ನಗರಕ್ಕೆ ಮುದಗಲ್ಲು, ನಡುಗಡ್ಡೆಗೆ ಕೃಷ್ಣಾ ನದಿಯ ನಡುವೆ ಇರುವ ಜಲದುರ್ಗ, ದಾರಿಯಲ್ಲಿ ಅಶೋಕನ ಶಾಸನವಿರುವ ಮಸ್ಕಿ ಎಂದು ಬೆರಳಿಟ್ಟು ತೋರಿಸಿದರು. ಮರುಭೂಮಿಗೆ ರಾಜಸ್ಥಾನಕ್ಕೆ ಹೋಗಬೇಕಲ್ಲ ಎಂದೆ. ಅಷ್ಟು ದೂರ ಕಳಿಸಲು ನಮಗೇನು ನಿಜಾಮರ ಖಜಾನೆ ಸಿಕ್ಕಿದೆಯೇ, ಏಪ್ರಿಲ್ ತಿಂಗಳಲ್ಲಿ ಸಿಂಧನೂರಿನ ಎರೆ ಬಯಲು ನೋಡು, ಒಂಟೆ ಒಂದು ಇಲ್ಲ, ಉಳಿದಿದ್ದೆಲ್ಲ ಇದೆ ಎಂದರು. ಹುಟ್ಟಿದ ಜಿಲ್ಲೆಯನ್ನು ಹೀಗೆ ಮರುಭೂಮಿ ಮಾಡಿದ್ದಕ್ಕೆ ನನಗೆ ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಸುಳ್ಳಲ್ಲ. ತುಂಗಭದ್ರೆಯ ನೀರು ಆಗಿನ್ನೂ ಅಲ್ಲಿಗೆ ಮುಟ್ಟಿರಲಿಲ್ಲ.

ನನ್ನ ಬಳಿ ಇದ್ದದ್ದು ಮರದ ಪ್ಲೇಟ್ ಕ್ಯಾಮೆರಾ. ಫಿಲ್ಮ್ ಸುರುಳಿಯ ಬದಲು ಅದರೊಳಗೆ ಒಂದೊಂದೇ ಗಾಜಿನ ಹಲಗೆ ಹಾಕಬೇಕು. ಆ ಗಾಜಿಗೆ ಬೆಳಕು ತಾಕಿದರೆ ಚಿತ್ರ ಮೂಡುವ ಲೇಪ ಹಚ್ಚಿರುತ್ತಾರೆ. ಒಂದು ಚಿತ್ರಕ್ಕೆ ಒಂದು ಗಾಜು. ಅದಕ್ಕೊಂದು ಮೂರು ಕಾಲಿನ ಟ್ರೈಪಾಡ್, ತಲೆಗೆ ಹೊದ್ದುಕೊಳ್ಳಲು ಒಂದು ಕರಿ ಬಟ್ಟೆ. ಗಾಜಿನ ಪೆಟ್ಟಿಗೆಗಳನ್ನು ಬಸ್ಸಿನ ತಲೆಯ ಮೇಲೆ ಹೇರಿದರೆ ಇಳಿಸುವಾಗ ಸಕ್ಕರೆಯಾಗಿರುತ್ತಿತ್ತು, ಆಗಿನ ರಸ್ತೆ ಹಾಗಿತ್ತು. ಹುಲ್ಲು ಹಾಸಿದ ಎತ್ತಿನ ಬಂಡಿಯೇ ವಾಸಿ. ಲಿಂಗಸುಗೂರಿನ ಚಹಾದ ಅಂಗಡಿಯವನು ಸಂತೆಕಲ್ಲೂರಿನ ಅಮರಪ್ಪನ ಹೆಸರು ಹೇಳಿದ. ಅವನ ಬಂಡಿಯಲ್ಲಿ ಮೊಸರಿನ ಗಡಿಗೆ ಇಟ್ಟರೂ ತುಳುಕುವುದಿಲ್ಲ ಎಂದ.

ಅಮರಪ್ಪ ಮರುದಿನ ಮುಂಜಾನೆ ಬಂದ. ಇಪ್ಪತ್ತೈದರ ಆಸುಪಾಸಿನ ಉದ್ದನೆಯ ಆಳು. ಏಪ್ರಿಲ್ ಬಿಸಿಲಲ್ಲೂ ಎಡ ಹೆಗಲ ಮೇಲೆ ಮಡಿಸಿದ ಕಂಬಳಿ. ಇದ್ಯಾಕಪ್ಪ ಈ ಬಿಸಿಲಲ್ಲಿ ಎಂದರೆ, ಹೆಗಲು ಖಾಲಿ ಇದ್ದರೆ ಯಾರಾದರೂ ಏನಾದರೂ ಹೊರಿಸುತ್ತಾರೆ ಎಂದ. ಅವನ ಮಾತು ಹಾಗೇ. ನಗದೆ ಒಂದು ಮಾತು ಆಡುತ್ತಿರಲಿಲ್ಲ, ನಾನು ನಗದಿದ್ದರೆ ಬಿಡುತ್ತಿರಲಿಲ್ಲ. ನಾನು ಸ್ವಭಾವದಲ್ಲಿ ಸಿಡುಕ. ಆ ಬಂಡಿಯ ಮೇಲೆ ಕೂತ ದಿನಗಳಲ್ಲಿ ನಕ್ಕಷ್ಟು ಮುಂದೆ ಎಲ್ಲೂ ನಕ್ಕ ನೆನಪಿಲ್ಲ.

ಅವನನ್ನು ಬಂಡಿ ಹೊಡೆಯಲು ಮಾತ್ರ ಕರೆದಿರಲಿಲ್ಲ. ಅಳತೆಗೆ ನಿಲ್ಲುವ ಕೆಲಸವೂ ಇತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೋಟೆಯ ಗೋಡೆಯನ್ನಷ್ಟೇ ತೆಗೆದರೆ ಅದು ಎಷ್ಟು ಎತ್ತರ ಎಂದು ನೋಡುವವನಿಗೆ ತಿಳಿಯುವುದಿಲ್ಲ. ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿದರೆ ಕಲ್ಲಿಗೆ ಅಳತೆ ಬರುತ್ತದೆ. ಆದರೆ ಅವನು ಕ್ಯಾಮೆರಾ ನೋಡಬಾರದು, ಬೆನ್ನು ಮಾಡಿ ನಿಲ್ಲಬೇಕು. ಚಿತ್ರದಲ್ಲಿ ಒಂದು ಮುಖ ಕಂಡರೆ ನೋಡುವವರ ಕಣ್ಣು ಅಲ್ಲಿಗೇ ಓಡುತ್ತದೆ. ಕೋಟೆ, ನದಿ, ಗುಡ್ಡ ಎಲ್ಲ ಹಿಂದೆ ಸರಿಯುತ್ತವೆ. ಆ ಕಾಲದ ಎಲ್ಲ ಸ್ಟುಡಿಯೋಗಳಲ್ಲೂ ಇದೇ ಕಾನೂನು. ಮುಖ ತಿರುಗಿಸಿದ ಪ್ಲೇಟು ಕೆಟ್ಟ ಪ್ಲೇಟು.

ಇದನ್ನು ಅಮರಪ್ಪನಿಗೆ ಹೇಳಿದಾಗ ಅವನು, "ಸಾಹೇಬ್ರ, ನನ್ನ ಮಾರಿ ಅಷ್ಟು ಕೆಟ್ಟೈತೇನ್ರಿ?" ಎಂದು ಕೇಳಿದ. ಮಾರಿ ಎಂದರೆ ನಮ್ಮ ಕಡೆ ಮುಖ. ನಿಜ ಹೇಳಬೇಕೆಂದರೆ ನೋಡುವಂಥ ಮುಖವೇ. ಆದ್ದರಿಂದಲೇ ಬೇಡ ಎಂದೆ. ಕೆಲಸ ಮುಗಿದ ಮೇಲೆ ನಿನ್ನದೇ ಒಂದು ಬೇರೆ ತೆಗೆಯುತ್ತೇನೆ ಎಂದೂ ಹೇಳಿದೆ. ಅವನು ಮೊದಲ ಸಲ ನಗು ನಿಲ್ಲಿಸಿ, ಅದಕ್ಕೆ ಅವ್ವನನ್ನು ಕೇಳಬೇಕು ಎಂದ.

ಮುದಗಲ್ಲಿಗೆ ಹೊರಡುವ ಮುಂಚೆ ಸಂತೆಕಲ್ಲೂರಿನಲ್ಲಿ ಅವನ ಮನೆಯ ಮುಂದೆ ಬಂಡಿ ನಿಂತಿತು. ತಾಯಿ ಶರಣಮ್ಮ ಹೊರಗೆ ಬಂದರು. ಹಣೆಯ ತುಂಬ ವಿಭೂತಿ, ಗಟ್ಟಿ ದನಿಯ ಹೆಂಗಸು. ಮಗನನ್ನು ಅವರು ಅಮರಪ್ಪ ಎನ್ನಲಿಲ್ಲ, ತಿಪ್ಯಾ ಎಂದು ಕರೆದರು. ಅದರ ಹಿಂದಿನ ಸಂಗತಿಯನ್ನೂ ಅವರೇ ಹೇಳಿದರು. ಇವನಿಗಿಂತ ಮೊದಲು ಹುಟ್ಟಿದ ಮೂರು ಗಂಡುಮಕ್ಕಳು ನಡೆಯಲು ಕಲಿಯುವ ಹೊತ್ತಿಗೆ ತೀರಿಹೋಗಿದ್ದವು. ಹಾಗಾಗಿ ಇವನು ಹುಟ್ಟಿದ ಕೂಡಲೇ ತಿಪ್ಪೆಯಲ್ಲಿ ಹೊರಳಿಸಿ, ತಿಪ್ಪ ಎಂದು ಹೆಸರಿಟ್ಟು, ಇದು ಯಾರಿಗೂ ಬೇಡದ ಕೂಸು ಎಂದು ಸಾವಿಗೆ ಸುಳ್ಳು ಹೇಳಿದ್ದರು. ದೇವರು ಅಮರೇಶ್ವರನ ಹೆಸರಿನಿಂದ ಅಮರಪ್ಪ ಎಂದಾದದ್ದು ಶಾಲೆಗೆ ಸೇರಿಸುವಾಗ. ನಮ್ಮ ಸೀಮೆಯಲ್ಲಿ ಮಕ್ಕಳು ಉಳಿಯದ ಮನೆಗಳಲ್ಲಿ ಹೀಗೆ ಮಾಡುತ್ತಾರೆ. ನಮ್ಮ ಓಣಿಯಲ್ಲೇ ಇಬ್ಬರು ತಿಪ್ಪಣ್ಣರಿದ್ದರು.

ಶರಣಮ್ಮ ಕ್ಯಾಮೆರಾದ ಮುಂದೆ ನಿಂತು ಲೆನ್ಸನ್ನು ದಿಟ್ಟಿಸಿ ನೋಡಿದರು.

"ನೋಡಪಾ ತಮ್ಮಾ, ಇವನ್ನ ತಿಪ್ಪ್ಯಾಗ ಹೊರಳ್ಸಿ ಉಳಿಸ್ಕೊಂಡೀನಿ. ನಿನ್ನ ಈ ಗಾಜಿನ ಕಣ್ಣಿಗೆ ಇವನ ಮಾರಿ ಬೀಳಬಾರ್ದು."

ನಮ್ಮ ಕೆಲಸದಲ್ಲಿ ಬೆನ್ನು ಮಾತ್ರ ಬೀಳುತ್ತದೆ ಎಂದೆ.

"ಬೆನ್ನಿಗೆ ಯಾರ ಕಣ್ಣು ತಾಕತೈತಿ? ಬೆನ್ನು ಎಷ್ಟ ಬೇಕಾರ ತಕ್ಕೋ."

ಸ್ಟುಡಿಯೋದ ಕಾನೂನೂ ಈ ತಾಯಿಯ ಕಾನೂನೂ ಒಂದೇ ಆಯಿತಲ್ಲ ಎಂದು ನನಗೆ ನಗು ಬಂತು. ಆಗಲಿ ಅವ್ವಾರ, ಮುಖ ತೆಗೆಯುವುದಿಲ್ಲ ಎಂದು ಮಾತು ಕೊಟ್ಟೆ. ಅಮರಪ್ಪನೂ ಅವ್ವನ ಕಾಲು ಮುಟ್ಟಿ ಹಾಗೇ ಎಂದ. ಅವನ ಹೆಂಡತಿ ಈರಮ್ಮ ಬಾಗಿಲ ಒಳಗೆ ನಿಂತಿದ್ದಳು, ಸೊಂಟದ ಮೇಲೆ ಇನ್ನೂ ವರ್ಷ ತುಂಬದ ಹೆಣ್ಣುಕೂಸು. ಅದರ ಹೆಸರು ನೀಲಾ. ಬಂಡಿ ಓಣಿಯ ತಿರುವು ದಾಟುವವರೆಗೂ ಆ ಕೂಸಿನ ಕಡೆ ಕೈ ಬೀಸುತ್ತಾ ಅಮರಪ್ಪ ಹಿಂದು ಮುಂದಾಗಿಯೇ ಕೂತಿದ್ದ. ದಾರಿ ಎತ್ತುಗಳು ನೋಡಿಕೊಂಡವು.

ಮುದಗಲ್ಲಿನ ಕೋಟೆ ಬಾಗಿಲಲ್ಲಿ ಅವನು ಅಳತೆಗೆ ನಿಂತ. ಮೊದಲ ಸಲ ಕರಿ ಬಟ್ಟೆಯೊಳಗೆ ತಲೆ ಹಾಕಿ ನೋಡಿದವನು ಬೆಚ್ಚಿ ಹೊರಬಂದು, ಕೋಟೆ ತಲೆಕೆಳಗಾಗಿದೆಯಲ್ಲ ಎಂದ. ಪ್ಲೇಟ್ ಕ್ಯಾಮೆರಾದಲ್ಲಿ ಎಲ್ಲವೂ ತಲೆಕೆಳಗಾಗಿಯೇ ಕಾಣುತ್ತದೆ. ಹಂಗಾದರೆ ನಾನು ನಿಂತಾಗ ನೀವು ನನ್ನನ್ನು ಬಾವಲಿಯ ಹಾಗೆ ಜೋತುಹಾಕಿ ನೋಡುತ್ತೀರಿ ಎಂದು ತಮಾಷೆ ಮಾಡಿದ. ಜಲದುರ್ಗದಲ್ಲಿ ಕೃಷ್ಣೆ ಎರಡು ಕವಲಾಗಿ ಸುತ್ತುವ ಗುಡ್ಡದ ಅಂಚಿಗೆ ನಿಲ್ಲಲು ಹೇಳಿದಾಗ ಅವನು ಅಂಜಿ ಎರಡು ಹೆಜ್ಜೆ ಹಿಂದೆ ಸರಿದ. ಆದರೂ ನಿಂತ. ಚಿತ್ರದಲ್ಲಿ ಆ ಅಂಜಿಕೆ ಕಾಣುವುದಿಲ್ಲ, ಗಾಳಿಗೆ ಕಂಬಳಿಯ ತುದಿ ಹಾರಿದ್ದು ಮಾತ್ರ ಕಾಣುತ್ತದೆ.

ಅಲ್ಲಿಂದ ಮಸ್ಕಿಗೆ ಬಂದು ಗುಡ್ಡದ ಬಂಡೆಯ ಕೆಳಗಿನ ಅಶೋಕನ ಶಾಸನ ತೆಗೆದೆವು. ಆ ಅಕ್ಷರಗಳಲ್ಲಿ ಅಶೋಕ ಎಂಬ ಹೆಸರೇ ಇದೆ, ಅದಕ್ಕೇ ಆ ಕಲ್ಲಿಗೆ ಅಷ್ಟು ಬೆಲೆ ಎಂದು ನಾನು ಓದಿದ್ದನ್ನು ಅವನಿಗೆ ಹೇಳಿದೆ. ಅವನು ತುಂಬ ಹೊತ್ತು ನೋಡಿ ಕೇಳಿದ: "ಈ ರಾಜನ ಮಾರಿ ಹೆಂಗಿತ್ತಂತ ಯಾರಿಗರ ಗೊತ್ತೈತೇನ್ರಿ?" ಯಾರಿಗೂ ಗೊತ್ತಿಲ್ಲ, ಹೆಸರು ಮಾತ್ರ ಉಳಿದಿದೆ ಎಂದೆ. "ಹಂಗಾರ ನಾನೂ ರಾಜಾನ ಆದೆ ತಗೋರಿ" ಎಂದು ಬೆನ್ನು ಮಾಡಿ ನಿಂತ. ಆ ಮಾತಿಗೆ ನಾನು ಎಷ್ಟು ನಕ್ಕೆನೆಂದರೆ ಕೈ ಅಲುಗಿ ಆ ಪ್ಲೇಟು ಮತ್ತೆ ತೆಗೆಯಬೇಕಾಯಿತು. ಈಗ ಆ ಚಿತ್ರ ನೋಡಿದರೆ ನಗು ಬರುವುದಿಲ್ಲ.

ಕೊನೆಯದು ಸಿಂಧನೂರಿನ ಆಚೆಯ ಎರೆ ಬಯಲು. ನಮ್ಮ ಮಾಲೀಕರ ಮರುಭೂಮಿ. ಕಪ್ಪು ನೆಲ ಬಾಯಿ ಬಿಟ್ಟಿತ್ತು, ಒಂದೊಂದು ಬಿರುಕಿನಲ್ಲಿ ಕೈ ಇಳಿಯುತ್ತಿತ್ತು. ಕಣ್ಣು ಹಾಯುವಷ್ಟು ದೂರ ಒಂದು ಮರವಿಲ್ಲ. ಅಮರಪ್ಪನನ್ನು ಸ್ವಲ್ಪ ದೂರ ನಡೆದು ಹೋಗಿ ನಿಲ್ಲಲು ಹೇಳಿ, ನಾನು ಬಟ್ಟೆ ಹೊದ್ದು ಎಲ್ಲ ಸರಿಮಾಡಿ, ಪ್ಲೇಟು ಹಾಕಿ ಶಟರಿನ ಗುಂಡಿ ಅದುಮಿದೆ. ಅದೇ ಕ್ಷಣಕ್ಕೆ ಅವನು ಪೂರ್ತಿ ನನ್ನ ಕಡೆ ತಿರುಗಿ ಏನೋ ಕೂಗಿದ. ಅಲ್ಲಿ ಕಾಲುವೆಯ ಗುರುತಿಗೆ ನೆಟ್ಟ ಕಲ್ಲೊಂದು ಅವನ ಕಣ್ಣಿಗೆ ಬಿದ್ದಿತ್ತು. ಅವನು ಕೂಗಿದ್ದು, "ಸಾಹೇಬ್ರ, ಇಲ್ಲಿಗೂ ನೀರು ಬರತೈತಂತರೀ" ಎಂದು.

ನನಗೆ ಕೋಪ ನೆತ್ತಿಗೇರಿತು. ನೀರು ಬರುವಾಗ ಬರಲಿ, ನನ್ನ ಪ್ಲೇಟು ಹೋಯಿತಲ್ಲೋ ಮಾರಾಯ ಎಂದು ಬಯಲೆಲ್ಲ ಕೇಳುವಂತೆ ಬೈದೆ. ಅವನು ನಾಲಿಗೆ ಕಚ್ಚಿಕೊಂಡ, ಮತ್ತೆ ಬೆನ್ನು ಮಾಡಿದ. ಎರಡನೆಯ ಪ್ಲೇಟು ಸರಿಯಾಗಿ ಬಂತು.

ಸಂಜೆ ಪ್ರವಾಸಿ ಬಂಗಲೆಯ ಬಚ್ಚಲುಮನೆಯ ಕಿಟಕಿಗೆ ಗೋಣಿಚೀಲ ಬಡಿದು ಕತ್ತಲು ಮಾಡಿ ಎರಡೂ ಪ್ಲೇಟುಗಳನ್ನು ಔಷಧಿಯಲ್ಲಿ ಅದ್ದಿ ಚಿತ್ರ ಮೂಡಿಸಿದೆ. ಕೆಟ್ಟ ಪ್ಲೇಟಿನಲ್ಲಿ ಅಮರಪ್ಪನ ಮುಖ ಚೊಕ್ಕವಾಗಿ ಬಂದಿತ್ತು. ಬಾಯಿ ತುಂಬ ನಗು, ಹುಬ್ಬಿನ ಮೇಲೆ ಬಿಸಿಲಿಗೆ ಹಿಡಿದ ಕೈ. ಬೇಕೆಂದು ತೆಗೆದರೂ ಅಂಥ ಮುಖ ಸಿಗುವುದಿಲ್ಲ. ಕಿಟಕಿಯ ಗೋಣಿ ತೆಗೆದು ಅವನನ್ನು ಕರೆದು ತೋರಿಸಿದೆ. ಗಾಜಿನ ಮೇಲಿರುವುದು ನೆಗೆಟಿವ್, ಅಂದರೆ ಕಪ್ಪೆಲ್ಲ ಬಿಳಿ, ಬಿಳಿಯೆಲ್ಲ ಕಪ್ಪು. ಅವನ ಕರಿ ಕೂದಲು ಅದರಲ್ಲಿ ಬೆಳ್ಳಗೆ ಕಾಣುತ್ತಿತ್ತು.

"ಮುದುಕ ಆಗೀನಲ್ರೀ" ಎಂದ ಅಮರಪ್ಪ. "ನಾ ಮುದುಕ ಆದ್ರ ಹಿಂಗ ಕಾಣತೀನಿ ಹೌದಲ್ರೀ?"

ಕಾಗದದ ಮೇಲೆ ಅಚ್ಚು ಹಾಕಿದರೆ ಮತ್ತೆ ಹುಡುಗನಾಗುತ್ತೀಯ, ಒಂದು ಹಾಕಿಕೊಡುತ್ತೇನೆ, ಈರಮ್ಮನಿಗೆ ಕೊಡು ಎಂದೆ. ಅವನು ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದ. ಆಮೇಲೆ ನನ್ನ ಕೈಗೆ ವಾಪಸು ಕೊಟ್ಟ.

"ಬ್ಯಾಡ್ರಿ. ಅವ್ವಗ ಮಾತು ಕೊಟ್ಟೀವಿ, ನೀವೂ ನಾನೂ. ಒರಿಸಿಬಿಡ್ರಿ."

ಸ್ಟುಡಿಯೋಕ್ಕೆ ಬೇಡವಾದ ಪ್ಲೇಟಿನ ಮೂಲೆಯಲ್ಲಿ ಸೂಜಿಯಿಂದ ಒಂದು ಅಡ್ಡಗೀರು ಎಳೆಯುವುದು ವಾಡಿಕೆ. ಅವನ ಎದುರಿಗೇ ಎಳೆದೆ. ಆ ಗೀರು ಕಂಡ ಪ್ಲೇಟನ್ನು ಡಾರ್ಕ್ ರೂಮಿನವರು ತೊಳೆದು ಬರೀ ಗಾಜು ಮಾಡಿ ಬೇರೆ ಕೆಲಸಕ್ಕೆ ಬಳಸುತ್ತಾರೆ. ಮರುದಿನ ಮಸ್ಕಿಯ ದಾರಿಯಲ್ಲಿ ನಾವಿಬ್ಬರೂ ಬೇರೆಯಾದೆವು. ದೀಪಾವಳಿಗೆ ರಾಯಚೂರಿನ ನಮ್ಮ ಮನೆಗೆ ಬಾ ಎಂದು ಓಣಿಯ ಗುರುತು ಹೇಳಿದೆ. ಸಂಪುಟ ಅಚ್ಚಾದಾಗ ನಿನಗೊಂದು ಪ್ರತಿ ತರುತ್ತೇನೆ, ನಿನ್ನ ಬೆನ್ನು ಲಂಡನ್‌ವರೆಗೂ ಹೋಗುತ್ತದೆ ಎಂದೆ. ಬೆನ್ನಿಗೇನು, ಹೋಗಿ ಬರಲಿ ಎಂದ.

ಅದೇ ವರ್ಷದ ದೀಪಾವಳಿಗೆ ರಜೆ ಹಾಕಿ ರಾಯಚೂರಿನ ನನ್ನ ಮನೆಗೆ ಬಂದಿದ್ದೆ. ಒಂದು ಮಧ್ಯಾಹ್ನ ಹೊರಗೆ ಯಾರೋ ಫೋಟೋದ ಸಾಹೇಬರ ಮನೆ ಇದೇನಾ ಎಂದು ಕೇಳಿದ ಸದ್ದು. ನೋಡಿದರೆ ಶರಣಮ್ಮ, ಜೊತೆಗೆ ಅವರ ತಮ್ಮ. ಹಣೆಯಲ್ಲಿ ವಿಭೂತಿ ಇತ್ತು, ದನಿಯಲ್ಲಿ ಆ ಗಟ್ಟಿತನ ಇರಲಿಲ್ಲ. ಒಳಗೆ ಬನ್ನಿ ಎಂದರೂ ಬರಲಿಲ್ಲ, ಕಟ್ಟೆಯ ಮೇಲೆ ಕೂತರು. ನನ್ನ ಹೆಂಡತಿ ತಂದಿಟ್ಟ ನೀರು ಹಾಗೇ ಇತ್ತು. ಅಮರಪ್ಪ ಎಲ್ಲಿ, ಅವನ್ಯಾಕೆ ಬರಲಿಲ್ಲ ಎಂದು ನಾನು ಹುಂಬನ ಹಾಗೆ ಕೇಳಿದೆ.

ಹೇಳಿದ್ದು ಅವರ ತಮ್ಮ. ನನ್ನ ಕೆಲಸ ಮುಗಿದ ಮೇಲೆ ಅಮರಪ್ಪ ವಳಕಮದಿನ್ನಿಯ ಕಡೆ ಕಾಲುವೆ ಕೆಲಸಕ್ಕೆ ಬಂಡಿ ಕಟ್ಟಿಕೊಂಡು ಹೋಗಿದ್ದ. ಕಲ್ಲು ಸಾಗಿಸುವ ಕೆಲಸ. ಮಳೆಗಾಲದಲ್ಲಿ ಒಡ್ಡಿನ ಇಳಿಜಾರಿನಲ್ಲಿ ಎರೆ ಮಣ್ಣು ಜಾರಿ, ತುಂಬಿದ ಬಂಡಿ ಮಗುಚಿಕೊಂಡಿತು. ಕೆಳಗೆ ಅವನಿದ್ದ. ಊರಿಗೆ ತರುವಷ್ಟರಲ್ಲಿ ಜೀವ ಹೋಗಿತ್ತು. ಒಂದು ಎತ್ತು ಉಳಿಯಿತು.

ಗಾಜಿನ ಕಣ್ಣು ತಾಕಿತು ಎಂದು ಈ ತಾಯಿ ಈಗ ನನ್ನನ್ನು ಬೈಯುತ್ತಾಳೆ, ಬೈಯಲಿ, ಬೈದರೆ ನನಗೂ ಹಗುರಾಗುತ್ತದೆ ಎಂದುಕೊಂಡು ತಲೆ ತಗ್ಗಿಸಿ ಕೂತೆ. ಶರಣಮ್ಮ ಬೈಯಲಿಲ್ಲ.

"ಯಪ್ಪಾ, ಮದಲಿನ ಮೂರು ಮಕ್ಕಳ ಮಾರಿ ಒಂದೂ ನೆಪ್ಪಿಲ್ಲ ನನಗ. ಹೆತ್ತಾಕಿ ನಾ, ಮರ್ತೀನಿ. ಇವಂದೂ ಮರ್ತು ಹೋದೀತಂತ ಅಂಜಿಕಿ ಹತ್ತೈತಿ. ಕಣ್ಣು ಮುಚ್ಚಿದ್ರ ಒಂದೊಂದ ಸಲ ಬರತೈತಿ, ಒಂದೊಂದ ಸಲ ಬರಂಗಿಲ್ಲ. ನಿನ್ನ ಪೆಟಗ್ಯಾಗ ಎಲ್ಲ್ಯಾರ ಒಂದ ಕಡಿ ನನ್ನ ತಿಪ್ಯಾನ ಮಾರಿ ಐತೇನಪಾ?"

ಅವರು ಬಂದದ್ದು ಅಷ್ಟಕ್ಕೇ. ಸಂತೆಕಲ್ಲೂರಿನಿಂದ ರಾಯಚೂರಿಗೆ, ಹುಟ್ಟಿದ ಮೇಲೆ ಮೊದಲ ಸಲ.

ಇದೆ ಎಂದೆ. ಬಾಯಿ ತಪ್ಪಿ ಬಂದ ಮಾತಲ್ಲ, ಇದ್ದದ್ದು ನಿಜ. ಸಿಂಧನೂರಿನ ಬಯಲಲ್ಲಿ ಅವನು ತಿರುಗಿದ ಕಥೆಯನ್ನೂ, ಅವ್ವಗ ಮಾತು ಕೊಟ್ಟೀವಿ ಎಂದು ಒರೆಸಲು ಹೇಳಿದ್ದನ್ನೂ ತಿಳಿಸಿದೆ. ಶರಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಒರೆಸಿದ್ದಾರೋ ಇಲ್ಲವೋ ನೋಡುತ್ತೇನೆ, ಎಷ್ಟೋ ಸಲ ಅಂಥ ಪ್ಲೇಟುಗಳು ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದಿರುತ್ತವೆ ಎಂದೆ. ಅವರ ಕಣ್ಣಿನಲ್ಲಿ ಬಂದ ಆಸೆ ನೋಡಿ ನನಗೇ ಭಯವಾಯಿತು. ಉಳಿದ ರಜೆ ಬಿಟ್ಟು ಮರುದಿನದ ರೈಲಿಗೆ ಹೈದರಾಬಾದಿಗೆ ಹೋದೆ.

ಡಾರ್ಕ್ ರೂಮಿನ ಉಸ್ತುವಾರಿ ಖಾದರ್ ಮಿಯಾ ಎಂಬ ಹಿರಿಯರದು. ನೆಗೆಟಿವ್ ತಿದ್ದುವುದರಲ್ಲೂ ಅವರದೇ ಕೈ. ಗೀರು ಎಳೆದ ಪ್ಲೇಟುಗಳು ಎಲ್ಲಿ ಎಂದು ಕೇಳಿದೆ. ಅವರು ಖಾಲಿ ಮೂಲೆ ತೋರಿಸಿದರು. ದೀಪಾವಳಿಗೆ ಮುಂಚೆ ದೇವರ ಪಟಗಳ ಚೌಕಟ್ಟಿಗೆ ಗಾಜು ಸಾಲದೆ ಬರುತ್ತದೆ, ಆಗ ಬೇಡದ ಪ್ಲೇಟುಗಳನ್ನೆಲ್ಲ ಸೋಡಾ ಹಾಕಿದ ಬಿಸಿನೀರಿನಲ್ಲಿ ಮುಳುಗಿಸಿ ತೊಳೆಯುವುದು ಪ್ರತಿ ವರ್ಷದ ರೂಢಿ. ಬಿಸಿನೀರು ತಾಕಿದರೆ ಚಿತ್ರದ ಪದರ ಹಾಲಿನ ಕೆನೆಯ ಹಾಗೆ ಸುಕ್ಕಾಗಿ ಕಳಚಿ ಬರುತ್ತದೆ. ಆಮೇಲೆ ಅದು ಎಲ್ಲಿ ಹೋಗುತ್ತದೆ ಎಂದು ಕೇಳಿದೆ, ಗೊತ್ತಿದ್ದೂ ಕೇಳಿದೆ. ಮೋರಿಗೆ ಎಂದರು. ಆ ಮೋರಿಯ ಹತ್ತಿರ ಹೋಗಿ ನಿಂತುಕೊಂಡೆ. ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಯಾರನ್ನು ಬೈಯಬೇಕು ಎಂದು ಹುಡುಕಿದೆ, ಬೈಯಲು ಒಬ್ಬರೂ ಸಿಗಲಿಲ್ಲ. ತಾಯಿ ಮಗನನ್ನು ಕಾಯ್ದಿದ್ದಳು, ಮಗ ಮಾತು ಕಾಯ್ದಿದ್ದ, ನಾನು ಕಸುಬು ಕಾಯ್ದಿದ್ದೆ, ಖಾದರ್ ಮಿಯಾ ತಮ್ಮ ಕೆಲಸ ಮಾಡಿದ್ದರು. ಎಲ್ಲರೂ ಸರಿಯಾಗಿ ನಡೆದುಕೊಂಡು ಒಂದು ಮುಖವನ್ನು ಕಳೆದಿದ್ದೆವು.

ಉಳಿದ ಪ್ಲೇಟುಗಳನ್ನೆಲ್ಲ ಮೇಜಿನ ಮೇಲೆ ಹರವಿ ಭೂತಗನ್ನಡಿ ಹಿಡಿದು ಕೂತೆವು. ಮುದಗಲ್ಲಿನಲ್ಲಿ ಬೆನ್ನು, ಜಲದುರ್ಗದಲ್ಲಿ ಬೆನ್ನು. ಮಸ್ಕಿಯ ಒಂದರಲ್ಲಿ ಒಂದು ಕಿವಿ, ಅದರ ಮುಂದೆ ಕೆನ್ನೆಯ ಒಂದು ಗೆರೆ. ಅಷ್ಟೇ. ಖಾದರ್ ಮಿಯಾ ಕನ್ನಡಕ ತೆಗೆದು, ಮುಖ ಹೇಗಿತ್ತು ಹೇಳು, ನಾನು ಬರೆದು ಸೇರಿಸಿಕೊಡುತ್ತೇನೆ ಎಂದು ಉರ್ದುವಿನಲ್ಲಿ ಮೆಲ್ಲಗೆ ಹೇಳಿದರು. ಅವರ ಕೈಗೆ ಅದು ಕಷ್ಟವಲ್ಲ. ಫೋಟೋ ಇಲ್ಲದೆ ಸತ್ತವರಿಗೆ ಹೀಗೆ ಮುಖ ಬರೆದುಕೊಟ್ಟು ಎಷ್ಟೋ ಮನೆಯವರನ್ನು ಅವರು ಸಮಾಧಾನ ಮಾಡಿದ್ದರು. ನಾನು ಬೇಡ ಎಂದೆ. ಶರಣಮ್ಮನ ಕಣ್ಣಲ್ಲಿ ಒಂದೊಂದು ಸಲವಾದರೂ ನಿಜವಾದ ಮುಖ ಬರುತ್ತಿತ್ತು. ಬರೆದ ಮುಖವನ್ನು ದಿನವೂ ನೋಡಿದರೆ ಅದು ಬಂದು ನಿಜವಾದದ್ದನ್ನು ಹೊರಗೆ ಹಾಕಿಬಿಡುತ್ತದೆ. ಹಾಗಾದರೆ ತಾಯಿ ಮಗನನ್ನು ಎರಡನೆಯ ಸಲ ಕಳೆದುಕೊಂಡ ಹಾಗೆ.

ಸಿಂಧನೂರಿನ ಎರಡನೆಯ ಪ್ಲೇಟನ್ನೇ ಆರಿಸಿದೆ. ಖಾಲಿ ಬಯಲಿನಲ್ಲಿ ಬೆನ್ನು ಮಾಡಿ ನಿಂತ ಅಮರಪ್ಪ, ಎಡ ಹೆಗಲ ಮೇಲೆ ಕಂಬಳಿ. ನನ್ನಿಂದ ಬೈಸಿಕೊಂಡ ಕೂಡಲೇ ನಿಂತದ್ದು ಅದು. ಆ ಬಯಲನ್ನು ಆದಷ್ಟು ಬಿಟ್ಟು, ಅವನು ದೊಡ್ಡದಾಗಿ ಕಾಣುವಂತೆ ಅಚ್ಚು ಹಾಕಿ ಚೌಕಟ್ಟು ಕಟ್ಟಿಸಿದೆ. ಗಾಜು ಹೊಸದನ್ನೇ ತರಿಸಿದೆ, ತೊಳೆದ ಗಾಜು ಬೇಡ ಎಂದೆ.

೧೯೫೪ರ ಸಂಕ್ರಾಂತಿ ಮುಗಿದ ಮೇಲೆ ಅದನ್ನು ಹೊತ್ತು ಸಂತೆಕಲ್ಲೂರಿಗೆ ಹೋದೆ. ಪಟವನ್ನು ಪಡಸಾಲೆಯ ನಡುಗಂಬಕ್ಕೆ ಒರಗಿಸಿಟ್ಟು ಮುಖ ಇದ್ದ ಪ್ಲೇಟು ಉಳಿಯಲಿಲ್ಲ ಅವ್ವಾರ ಎಂದೆ. ಶರಣಮ್ಮ ನೋಡಿದರು. ಹತ್ತಿರ ಬಂದು ನೋಡಿದರು. ಗೋಡೆಗೆ ಒರಗಿ ಕೂತುಬಿಟ್ಟರು. ಒಳಗಿದ್ದ ಈರಮ್ಮ ಅತ್ತೆಯ ಎದುರು ಬಾರದವಳು, ಅವತ್ತು ಹೊರಗೆ ಬಂದು ಪಟದ ಮುಂದೆ ನಿಂತಳು.

"ಅವರ ಹೌದ್ರಿ ಅಣ್ಣಾರ. ಎಡಗಡಿ ಹೆಗಲ ಹಿಂಗ ಇಳಿಬಿಟ್ಟ ನಿಲ್ತಿದ್ರು" ಎಂದಳು. ಅಷ್ಟು ಹೇಳಿ ಅಳಲು ಶುರು ಮಾಡಿದಳು. ನಾನು ಹೊರಗಿನ ಬೇವಿನ ಮರ ನೋಡುತ್ತಾ ಕೂತೆ.

ಕೂಸು ನೀಲಾ ಆಗ ನಡೆಯುತ್ತಿತ್ತು. ಅಳುತ್ತಲೇ ಈರಮ್ಮ ಅದಕ್ಕೆ ಅಪ್ಪ ನೋಡು, ಅಪ್ಪ ಎಂದು ತೋರಿಸಿದಳು. ಕೂಸು ಪಟದ ಹತ್ತಿರ ಹೋಗಿ ಆ ಬೆನ್ನನ್ನು ಬೆರಳಿಂದ ಮುಟ್ಟಿತು. ಸ್ವಲ್ಪ ಹೊತ್ತು ನಿಂತು ನೋಡಿತು. ಆಮೇಲೆ ಕಂಬ ಹಿಡಿದುಕೊಂಡು ಸುತ್ತಿ ಪಟದ ಹಿಂಭಾಗಕ್ಕೆ ಹೋಗಿ ಬಗ್ಗಿ ನೋಡಿತು. ಅಪ್ಪನ ಮುಖ ಆ ಕಡೆ ಇರಬೇಕಲ್ಲ. ಅಲ್ಲಿ ಇದ್ದದ್ದು ರಟ್ಟು. ಮತ್ತೆ ಮುಂದೆ ಬಂದಿತು, ಬೆನ್ನು ಇತ್ತು. ಮತ್ತೆ ಹಿಂದೆ ಹೋಯಿತು.

ನಾವು ಮೂವರೂ ನೋಡುತ್ತಿದ್ದೆವು. ಆ ಕೂಸನ್ನು ಎತ್ತಿಕೊಳ್ಳಲು ಯಾರಿಗೂ ಕೈ ಬರಲಿಲ್ಲ. ಕೊನೆಗೆ ಶರಣಮ್ಮ ಎದ್ದು ಹೋಗಿ ಮೊಮ್ಮಗಳನ್ನು ಎತ್ತಿಕೊಂಡರು. ಪಟದ ಹಿಂದೆ ತಾವೂ ಒಂದು ಸಲ ಬಗ್ಗಿ ನೋಡಿ, "ಖರೇನ ಐತಿ. ಮಾರಿ ಆಕಡಿ ಐತಿ" ಎಂದರು. ಊಟ ಮಾಡಿಕೊಂಡು ಹೋಗು ಎಂದು ನನಗೆ ಹೇಳಿದರು. ಒಂದು ರೊಟ್ಟಿ ತಿಂದು ಎದ್ದೆ.

ಆ ಚಿತ್ರಸಂಪುಟ ಅಚ್ಚಾಯಿತು, ಹೆಸರೂ ಮಾಡಿತು. ಸಿಂಧನೂರಿನ ಬಯಲನ್ನು ಮರುಭೂಮಿ ಎಂದೇ ಹಾಕಿದ್ದರು. ಅಮರಪ್ಪನ ಹೆಸರು ಎಲ್ಲೂ ಇರಲಿಲ್ಲ. ಅಳತೆಗೆ ನಿಂತವರ ಹೆಸರು ಹಾಕುವ ರೂಢಿ ಇರಲಿಲ್ಲ.

೧೯೫೬ರ ನವೆಂಬರಿನಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಸಮಾರಂಭದ ಫೋಟೋಗಳಿಗೆಂದು ಲಿಂಗಸುಗೂರಿಗೆ ಬಂದೆ. ಕೆಲಸ ಮುಗಿಸಿ ಸಂತೆಕಲ್ಲೂರಿಗೆ ಹೋದೆ. ಹೋಗಬೇಕೋ ಬೇಡವೋ ಎಂದು ಬಸ್ಸಿನಲ್ಲೂ ಯೋಚಿಸುತ್ತಿದ್ದೆ. ಈರಮ್ಮ ಹೊಲಕ್ಕೆ ಹೋಗಿದ್ದಳು, ನೀಲಾ ಅವಳ ಜೊತೆಗೆ. ಶರಣಮ್ಮನಿಗೆ ಕಣ್ಣಿನ ಪೊರೆ ಬಂದಿತ್ತು, ದನಿಯಿಂದ ನನ್ನ ಗುರುತು ಹಿಡಿದರು.

ಪಟ ದೇವರ ಜಗುಲಿಯ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ನನ್ನ ಕಣ್ಣು ಮೊದಲು ಹೋದದ್ದು ಅದರ ಗಾಜಿನ ಮೇಲೆ. ಸತ್ತವರ ಪಟವೆಂದರೆ ಗಾಜಿನ ಮೇಲೆ ಹಣೆಯ ಜಾಗಕ್ಕೆ ದಿನವೂ ವಿಭೂತಿ ಹಚ್ಚುತ್ತಾರೆ. ಇಲ್ಲಿ ಗಾಜು ಸ್ವಚ್ಛವಾಗಿತ್ತು, ಒಂದು ಬೆರಳಿನ ಗುರುತೂ ಇಲ್ಲ. ಈ ತಾಯಿಗೆ ನಾನು ತಂದುಕೊಟ್ಟದ್ದು ಮಗನಾಗಲೇ ಇಲ್ಲ, ಗೋಡೆಯ ಮೇಲೆ ಸುಮ್ಮನೆ ತೂಗುಹಾಕಿದ್ದಾರೆ ಎಂದುಕೊಂಡೆ. ಹಾಗೆ ಮಾಡಿದ್ದರೂ ತಪ್ಪೇನಿಲ್ಲ. ಪಟದ ಗಾಜು ಒರೆಸಿ ಚೆನ್ನಾಗಿ ಇಟ್ಟಿದ್ದೀರಿ ಎಂದು ಏನೋ ಒಂದು ಮಾತು ಆಡಿದೆ.

ಶರಣಮ್ಮ ಎದ್ದು ಗೋಡೆ ತಡವುತ್ತಾ ಹೋಗಿ ಪಟವನ್ನು ಮೊಳೆಯಿಂದ ಇಳಿಸಿದರು. ನನ್ನ ಮುಂದೆ ತಂದು ಅದನ್ನು ತಿರುಗಿಸಿ ಹಿಡಿದರು.

ಹಿಂದಿನ ರಟ್ಟಿನ ಮೇಲೆ, ಮುಂದೆ ತಲೆ ಇದ್ದ ಜಾಗಕ್ಕೆ ಸರಿಯಾಗಿ, ಮೂರು ಬೆರಳಿನ ವಿಭೂತಿ. ಸುಮಾರು ಮೂರು ವರ್ಷ ದಿನವೂ ಒಂದರ ಮೇಲೊಂದು ಹಚ್ಚಿದ್ದು ದಪ್ಪಗಾಗಿ, ಒಣಗಿ, ಬೇಸಿಗೆಯ ಎರೆ ನೆಲದ ಹಾಗೆ ಬಿರುಕು ಬಿಟ್ಟಿತ್ತು.

"ಹಣಿ ಈಕಡಿ ಐತಲ್ಲಪಾ" ಎಂದರು. ಆಮೇಲೆ ಆ ರಟ್ಟಿನ ಮೇಲೆ ಬೆರಳು ಇಳಿಸುತ್ತಾ ಹೋದರು. "ಇಲ್ಲಿ ಹುಬ್ಬು. ಇಲ್ಲಿ ಮೂಗು. ಗದ್ದದ ಮ್ಯಾಲೆ ಇಲ್ಲಿ ಒಂದ ಗಾಯದ ಕಲೆ, ಸಣ್ಣಾವಿದ್ದಾಗ ಬಿದ್ದಿದ್ದು. ಮರ್ತಿಲ್ಲಪಾ ನಾನು."

ಆ ಗಾಯದ ಕಲೆ ನನಗೆ ನೆನಪಿರಲಿಲ್ಲ. ಗಾಜಿನ ಮೇಲೆ ಅಷ್ಟು ಸ್ಪಷ್ಟವಾಗಿ ನೋಡಿದ್ದವನು ನಾನು.

ಈ ಕಸುಬು ನನಗೆ ಕಲಿಸಿದ್ದು ಒಂದೇ ಪಾಠ, ಅದನ್ನು ಸಂತೆಕಲ್ಲೂರಿನಲ್ಲಿ ಕಲಿತೆ. ಅವತ್ತಿನಿಂದ ಎಲ್ಲೇ ಹೋಗಲಿ, ಯಾರೇ ಅಳತೆಗೆ ನಿಲ್ಲಲಿ, ಕಲ್ಲಿಗೆ ಒಂದು ಚಿತ್ರ ತೆಗೆದ ಮೇಲೆ ಅವರನ್ನು ನನ್ನ ಕಡೆ ತಿರುಗಿಸಿ ಇನ್ನೊಂದು ತೆಗೆದೆ. ಬೇಡ ಎಂದವರಿಗೆ, ಮನೆಯಲ್ಲಿ ಹಿರಿಯರು ಒಪ್ಪುವುದಿಲ್ಲ ಎಂದವರಿಗೆ ಈ ಕಥೆ ಹೇಳುತ್ತಿದ್ದೆ. ಕೇಳಿದ ಮೇಲೆ ಬಹಳ ಮಂದಿ ತಿರುಗಿ ನಿಲ್ಲುತ್ತಿದ್ದರು. ಮಾಲೀಕರು ದಂಡದ ಕೆಲಸ ಎಂದು ಗೊಣಗಿದರು, ಗೊಣಗಲಿ ಎಂದು ಬಿಟ್ಟೆ. ಜೈಸಲ್ಮೇರಿನ ಒಂಟೆಯವನು, ಲಕ್ಷದ್ವೀಪದ ಮೀನುಗಾರ, ಬೀದರಿನ ಕೋಟೆಯ ಕಾವಲುಗಾರ, ಎಲ್ಲರೂ ಒಂದು ತಗಡಿನ ಪೆಟ್ಟಿಗೆಯಲ್ಲಿದ್ದಾರೆ, ನನ್ನ ಕಡೆ ನೋಡುತ್ತಾ. ಆಗೊಮ್ಮೆ ಈಗೊಮ್ಮೆ ಯಾರದಾದರೂ ಮನೆಯವರು ಹುಡುಕಿಕೊಂಡು ಬರುತ್ತಾರೆ, ಪೆಟ್ಟಿಗೆ ತೆಗೆದು ಕೊಡುತ್ತೇನೆ.

ಕಳೆದ ವರ್ಷ ನೀಲಾ ಬಂದಿದ್ದಳು, ತನ್ನ ಮೊಮ್ಮಗನ ಜೊತೆ. ಅಜ್ಜಿ ಹಾಗೆ ಹೇಳುತ್ತಿದ್ದಳು, ನಿಜವಾಗಿ ಅಪ್ಪನ ಗದ್ದದ ಮೇಲೆ ಕಲೆ ಇತ್ತಾ ಎಂದು ಕೇಳಿದಳು. ಇತ್ತು ಎಂದೆ.